ವಿಕ್ರಮ್ ಏಕೆ ಬಿತ್ತು, ಮತ್ತೆ ಹೇಗೆ ಇಳಿಯಿತು: ಎರಡು ಚಂದ್ರಯಾನಗಳ ಪ್ರಕರಣ ಅಧ್ಯಯನ

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನ ನೆಲದಿಂದ 30 ಕಿ.ಮೀ. ಎತ್ತರದಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್‌ನ ಎಂಜಿನ್‌ಗಳು ಹೊತ್ತಿಕೊಂಡವು. ಆಗ ಅದರ ವೇಗ ಸೆಕೆಂಡಿಗೆ 1,683 ಮೀಟರ್. ಮೊದಲ ಹಂತ ಅಂದುಕೊಂಡಂತೆಯೇ ಮುಗಿಯಿತು. ಎತ್ತರ 7.4 ಕಿ.ಮೀ.ಗೆ ಬಂದಾಗ ವೇಗ ಸೆಕೆಂಡಿಗೆ 146 ಮೀಟರಿಗೆ ತಗ್ಗಿತ್ತು. ಎರಡನೆಯ ಹಂತದಲ್ಲಿ ವೇಗ ವಿನ್ಯಾಸದ ಲೆಕ್ಕಕ್ಕಿಂತ ಜಾಸ್ತಿ ತಗ್ಗಿತು. ಮುಂದಿನ ಹಂತ ಶುರುವಾಗುವ ಹೊತ್ತಿಗೆ ನೌಕೆಯ ಸ್ಥಿತಿ, ಅದಕ್ಕೆ ನಿಭಾಯಿಸಲು ಹೇಳಿಕೊಟ್ಟಿದ್ದ ಎಲ್ಲೆಯನ್ನೇ ದಾಟಿತ್ತು. ಗೊತ್ತುಪಡಿಸಿದ ಜಾಗದಿಂದ 500 ಮೀಟರ್ ಒಳಗೆ ವಿಕ್ರಮ್ ನೆಲಕ್ಕೆ ಅಪ್ಪಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ತಿರುಳು ಇಷ್ಟು.

ಬ್ರೇಕ್ ಸಾಲದೆ ನೌಕೆ ಬಿತ್ತು ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಇಲ್ಲಿ ಆದದ್ದು ಅದಲ್ಲ, ಬ್ರೇಕ್ ಅಗತ್ಯಕ್ಕಿಂತ ಜೋರಾಗಿ ಬಿದ್ದದ್ದೇ ಮೂಲ. ಅದು ಹೇಗೆ ಅಪ್ಪಳಿಸುವಿಕೆಯಲ್ಲಿ ಕೊನೆಗೊಂಡಿತು, ನಾಲ್ಕು ವರ್ಷಗಳ ನಂತರ ಚಂದ್ರಯಾನ-3ರಲ್ಲಿ ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ಆಕಾರದ ಲ್ಯಾಂಡರ್ ಹೇಗೆ ಮೆಲ್ಲಗೆ ಇಳಿಯಿತು ಎಂಬುದನ್ನು ಬಿಡಿಸಿ ನೋಡಿದರೆ, ಚಂದ್ರನತ್ತ ಹೋಗುವ ಯಾವುದೇ ರೋಬಾಟ್ ನೌಕೆಯ ನಿಜವಾದ ಕಷ್ಟ ಎಲ್ಲಿದೆ ಎಂದು ತಿಳಿಯುತ್ತದೆ.

ಯಾಕೆ ಅಲ್ಲಿಗೇ?

ಚಂದ್ರನ ಸಮಭಾಜಕದ ಆಸುಪಾಸಿನಲ್ಲಿ ಇಳಿಯುವುದು ಸುಲಭ. ಅಪೋಲೊ ನೌಕೆಗಳೆಲ್ಲ ಆ ಪಟ್ಟಿಯ ಹತ್ತಿರವೇ ಇಳಿದವು. ಇಸ್ರೊ ದಕ್ಷಿಣಕ್ಕೆ ಕಣ್ಣು ಹಾಕಿದ್ದಕ್ಕೆ ಬುನಾದಿ ಹಾಕಿದ್ದು ಚಂದ್ರಯಾನ-1. 2008ರ ಅಕ್ಟೋಬರ್ 22ರಂದು ಹಾರಿದ ಆ ನೌಕೆಯಲ್ಲಿದ್ದ ನಾಸಾದ ರೋಹಿತಮಾಪಕ (ಬೆಳಕನ್ನು ಬಿಡಿಸಿ ನೋಡಿ ವಸ್ತು ಗುರುತಿಸುವ ಉಪಕರಣ) ಚಂದ್ರನ ಮಣ್ಣಿನಲ್ಲಿ ನೀರು ಮತ್ತು ಹೈಡ್ರಾಕ್ಸಿಲ್‌ನ ಗುರುತು ಹಿಡಿಯಿತು. ಆ ಗುರುತು ಧ್ರುವಗಳ ಕಡೆಗೆ ಹೋದಷ್ಟೂ ಗಾಢವಾಗಿತ್ತು. ಧ್ರುವದ ಬಳಿಯ ಕೆಲವು ಕುಳಿಗಳ ತಳಕ್ಕೆ ಬಿಸಿಲೇ ಬೀಳುವುದಿಲ್ಲ, ಅಲ್ಲಿ ಮಂಜುಗಡ್ಡೆ ಕೋಟ್ಯಂತರ ವರ್ಷ ಉಳಿಯಬಲ್ಲದು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಸರಿಪಡಿಸಬೇಕು. ವಿಕ್ರಮ್ ದಕ್ಷಿಣ ಧ್ರುವದ ಮೇಲೆ ಇಳಿಯಲಿಲ್ಲ. ಚಂದ್ರಯಾನ-3 ಇಳಿದದ್ದು 69.37 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಚಂದ್ರನ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 30 ಕಿ.ಮೀ. ಹಾಗಾಗಿ ಧ್ರುವಕ್ಕೆ ಇನ್ನೂ 600 ಕಿ.ಮೀ.ಗೂ ಹೆಚ್ಚು ದೂರವಿತ್ತು. ಅದಕ್ಕೂ ಮೊದಲು ಯಾರೂ ಅಷ್ಟು ದಕ್ಷಿಣದಲ್ಲಿ ಮೆಲ್ಲಗೆ ಇಳಿದಿರಲಿಲ್ಲ ಎಂಬುದು ನಿಜ, ಆ ಹಿರಿಮೆಗೆ ಉತ್ಪ್ರೇಕ್ಷೆಯ ಹಂಗು ಬೇಕಿಲ್ಲ. ಈ ವ್ಯತ್ಯಾಸ ಮುಂದಿನ ಯಾನಗಳ ವಿಚಾರಕ್ಕೆ ಬಂದಾಗ ಬಹಳ ಮುಖ್ಯವಾಗುತ್ತದೆ.

ಇಳಿಯುವುದರ ಲೆಕ್ಕ

ಚಂದ್ರನಿಗೆ ವಾತಾವರಣವಿಲ್ಲ. ಪ್ಯಾರಾಶೂಟ್ ಕೆಲಸಕ್ಕೆ ಬರುವುದಿಲ್ಲ, ಗಾಳಿಯ ಘರ್ಷಣೆಯಿಂದ ವೇಗ ಕರಗುವುದಿಲ್ಲ. ಕಕ್ಷೆಯಲ್ಲಿದ್ದಾಗಿನ ಸೆಕೆಂಡಿಗೆ 1.68 ಕಿ.ಮೀ. ವೇಗದ ಪ್ರತಿ ಮೀಟರನ್ನೂ ಎಂಜಿನ್ ಉರಿಸಿಯೇ ಕಳೆಯಬೇಕು. ಅದರ ಜೊತೆಗೆ, ಕೆಳಮುಖದ ವೇಗಕ್ಕೆ ಪ್ರತಿ ಸೆಕೆಂಡೂ ಸೆಕೆಂಡಿಗೆ 1.62 ಮೀಟರ್ ಸೇರಿಸುವ ಗುರುತ್ವವನ್ನೂ ತಡೆದು ಹಿಡಿಯಬೇಕು. ಇದಕ್ಕೆ ತಗಲುವ ಇಂಧನ ಎಷ್ಟೆಂದರೆ, ಮೊದಲ ವಿಕ್ರಮ್‌ನ ಒಟ್ಟು 1,471 ಕೆ.ಜಿ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನವೇ ಆಗಿತ್ತು.

ಭೂಮಿಯಿಂದ ಚಾಲನೆ ಮಾಡಲು ಆಗುವುದಿಲ್ಲ. ರೇಡಿಯೊ ಸಂಕೇತ ಚಂದ್ರನಿಂದ ಇಲ್ಲಿಗೆ ಬರಲು 1.3 ಸೆಕೆಂಡ್, ಉತ್ತರ ಅಲ್ಲಿಗೆ ತಲುಪಲು ಇನ್ನೊಂದು 1.3 ಸೆಕೆಂಡ್. ಕೇಳುವುದಕ್ಕೆ ಇದು ಚಿಕ್ಕದು. ಆದರೆ ಸೆಕೆಂಡಿಗೆ 300 ಮೀಟರ್ ವೇಗದಲ್ಲಿರುವ ನೌಕೆ ಆ ಅವಧಿಯಲ್ಲಿ ಮುಕ್ಕಾಲು ಕಿ.ಮೀ. ಮುಂದೆ ಹೋಗಿರುತ್ತದೆ. ಆದ್ದರಿಂದ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ನಿಯಂತ್ರಣ ಕೇಂದ್ರ ಇಳಿಕೆಯ ಆದೇಶಗಳನ್ನು ಮೊದಲೇ ಕಳುಹಿಸಿ, ಎಂಜಿನ್ ಹೊತ್ತಿಕೊಂಡ ಮೇಲೆ ನೋಡುವುದನ್ನಷ್ಟೇ ಮಾಡುತ್ತದೆ. ಬ್ಯಾಲಾಳು ಗ್ರಾಮದ 32 ಮೀಟರ್ ವ್ಯಾಸದ ಆಂಟೆನಾಗೆ ಬರುವ ಅಂಕಿಗಳೆಲ್ಲ ಆಗಿಹೋದ ಸಂಗತಿಯ ವರದಿ.

ಇನ್ನೊಂದು ತೊಡಕು, ನೌಕೆಗೆ ತಾನೆಲ್ಲಿದ್ದೇನೆ ಎಂದು ಹೇಳುವವರು ಯಾರೂ ಇಲ್ಲ. ಚಂದ್ರನ ಸುತ್ತ ಜಿಪಿಎಸ್ ಇಲ್ಲ. ವೇಗದ ಬದಲಾವಣೆ ಹೇಳುವ ವೇಗೋತ್ಕರ್ಷ ಮಾಪಕ ಮತ್ತು ತಿರುಗುವಿಕೆ ಹೇಳುವ ಗೈರೊಗಳ ಅಳತೆಯನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ತನ್ನ ವೇಗವನ್ನೂ ಸ್ಥಾನವನ್ನೂ ತಾನೇ ಊಹಿಸಿಕೊಳ್ಳಬೇಕು. ಕೂಡಿಸುತ್ತಾ ಹೋದರೆ ತಪ್ಪೂ ಕೂಡಿಕೊಳ್ಳುತ್ತದೆ. ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಬಹುದು. 690 ಸೆಕೆಂಡಿನ ಬ್ರೇಕಿಂಗ್‌ನಲ್ಲಿ ಸೆಕೆಂಡಿಗೆ 1,300 ಮೀಟರಿನಷ್ಟು ವೇಗ ಇಳಿಸಬೇಕಿದೆ ಎಂದಿಟ್ಟುಕೊಳ್ಳಿ. ಎಂಜಿನ್‌ನ ನೂಕುಬಲ ಅಂದಾಜಿಗಿಂತ ಶೇ 1ರಷ್ಟು ಮಾತ್ರ ಹೆಚ್ಚಿದೆ, ಅದನ್ನು ಯಾವುದೂ ಸರಿಪಡಿಸುತ್ತಿಲ್ಲ. ಕೊನೆಯಲ್ಲಿ ವೇಗದ ತಪ್ಪು ಸೆಕೆಂಡಿಗೆ 13 ಮೀಟರ್, ಸ್ಥಾನದ ತಪ್ಪು ಸುಮಾರು ನಾಲ್ಕೂವರೆ ಕಿ.ಮೀ. ನಿಜವಾದ ನೌಕೆಯಲ್ಲಿ ಮಾರ್ಗದರ್ಶಕ ತಂತ್ರಾಂಶ ಇದನ್ನು ಆಗಿಂದಾಗ್ಗೆ ತಿದ್ದುತ್ತಿರುತ್ತದೆ. ತಿದ್ದಲು ಅವಕಾಶವಿಲ್ಲದ ಹೊತ್ತಿನಲ್ಲಿ ಏನಾಗುತ್ತದೆ ಎಂಬುದೇ 2019ರ ಕಥೆ.

2019: ಮೂರು ಎಡವಟ್ಟು, ಒಂದೇ ಬೇರು

ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರ ಜುಲೈನಲ್ಲಿ, ಚಂದ್ರಯಾನ-3 ಹಾರುವ ಮೊದಲು, ಹಿಂದಿನ ವೈಫಲ್ಯವನ್ನು ಬಹಿರಂಗವಾಗಿ ವಿವರಿಸಿದರು. ಅವರು ಹೇಳಿದ್ದರಲ್ಲಿ ಮುಖ್ಯವಾದವು ಮೂರು.

ಮೊದಲನೆಯದು, ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ಬಲ ಕೊಟ್ಟವು. ನೌಕೆ ಒಂದು ಹಂತದಲ್ಲಿ ಕ್ಯಾಮೆರಾಗಳಿಗೆ ನೆಲ ನೋಡಲು ಅನುಕೂಲವಾಗಲೆಂದು ತನ್ನ ಭಂಗಿಯನ್ನು ಸ್ಥಿರವಾಗಿ ಹಿಡಿದಿಟ್ಟುಕೊಂಡಿತ್ತು. ಬಲ ಹೆಚ್ಚಾಗಿದ್ದರೂ ಆ ಹೊತ್ತಿನಲ್ಲಿ ತಿದ್ದುವ ಕೆಲಸ ನಡೆಯಲಿಲ್ಲ. ತಪ್ಪುಗಳು ತೀರಿಸದ ಸಾಲದಂತೆ ಬೆಳೆದವು.

ಎರಡನೆಯದು, ಆ ಹಂತ ಮುಗಿದು ತಿದ್ದುಪಡಿ ಶುರುವಾದಾಗ ಇಡೀ ಸಾಲ ಒಮ್ಮೆಲೇ ತೀರಿಸಬೇಕಾಯಿತು. ಲ್ಯಾಂಡರ್‌ನ ಎಂಜಿನ್‌ಗಳನ್ನು ಬುಡಕ್ಕೆ ಬಿಗಿದಿರುತ್ತಾರೆ, ಅವು ಪ್ರತ್ಯೇಕವಾಗಿ ಹೊರಳುವುದಿಲ್ಲ. ನೂಕುಬಲದ ದಿಕ್ಕು ಬದಲಿಸಬೇಕೆಂದರೆ ಇಡೀ ನೌಕೆಯೇ ತಿರುಗಬೇಕು. ದೊಡ್ಡ ತಪ್ಪನ್ನು ಬೇಗ ಸರಿಪಡಿಸಲು ನೌಕೆ ಬೇಗ ತಿರುಗಬೇಕಿತ್ತು, ಆದರೆ ತಿರುಗುವ ದರಕ್ಕೆ ತಂತ್ರಾಂಶ ಸೆಕೆಂಡಿಗೆ 10 ಡಿಗ್ರಿಯ ಕಡಿವಾಣ ಹಾಕಿತ್ತು. ಅದಕ್ಕಿಂತ ಹೆಚ್ಚಿನ ದರ ಬೇಕಾಗಬಹುದು ಎಂದು ಯಾರೂ ಎಣಿಸಿರಲಿಲ್ಲ. ಮಾರ್ಗದರ್ಶಕ ತಂತ್ರಾಂಶ ಒಂದು ಭಂಗಿ ಕೇಳುತ್ತಿತ್ತು, ನೌಕೆ ಇನ್ನೊಂದರಲ್ಲಿತ್ತು. ಆ ಅಂತರದಲ್ಲಿ ಎಂಜಿನ್ ಉರಿದಷ್ಟೂ ಬಲ ತಪ್ಪು ದಿಕ್ಕಿಗೆ ಹೋಗುತ್ತದೆ.

ಮೂರನೆಯದು ಜಾಗದ ಗಾತ್ರ. ಇಳಿಯಬೇಕಾದ ಚೌಕ 500 ಮೀಟರ್ ಉದ್ದ, 500 ಮೀಟರ್ ಅಗಲದ್ದು. ವೇಗ ಜಾಸ್ತಿ ತಗ್ಗಿದ್ದರಿಂದ ನೌಕೆ ಆ ಚೌಕಕ್ಕೆ ಮುಟ್ಟದೆ ಹಿಂದೆಯೇ ಉಳಿಯುವಂತಿತ್ತು. ಅಲ್ಲಿಗೇ ಹೋಗಬೇಕು ಎಂಬ ಆದೇಶ ಇದ್ದುದರಿಂದ, ನೆಲ ಹತ್ತಿರವಾಗುತ್ತಿದ್ದಾಗಲೂ ಅದು ವೇಗ ಹೆಚ್ಚಿಸಿಕೊಳ್ಳುತ್ತಾ ಹೋಯಿತು. ಕೆಳಗೆ ಎಲ್ಲಾದರೂ ಸಮತಟ್ಟಾದ ಕಡೆ ಇಳಿದುಬಿಡು ಎಂದು ಹೇಳಿಕೊಟ್ಟಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ. ಜಾಗಕ್ಕೆ ಅಂಟಿಕೊಂಡದ್ದು ಈ ಮೂರರಲ್ಲಿ ಅತ್ಯಂತ ದುಬಾರಿಯಾಯಿತು ಎಂಬುದು ಈ ಅಧ್ಯಯನದ ಅಭಿಪ್ರಾಯ, ಏಕೆಂದರೆ ಉಳಿದೆರಡು ತಪ್ಪುಗಳನ್ನು ಅಪಾಯಕ್ಕೆ ತಿರುಗಿಸಿದ್ದು ಅದೇ.

ಮೂರಕ್ಕೂ ಬೇರು ಒಂದೇ. ಯಾವ ಭಾಗವೂ ಮುರಿಯಲಿಲ್ಲ, ಎಂಜಿನ್ ನಿಲ್ಲಲಿಲ್ಲ, ಕಂಪ್ಯೂಟರ್ ಕೈಕೊಡಲಿಲ್ಲ. ಪ್ರತಿಯೊಂದೂ ತನಗೆ ಹೇಳಿದ್ದನ್ನು ಮಾಡಿತು. ಅಳತೆಗಳು ಅಂದಾಜಿನಿಂದ ಆಚೀಚೆ ಹೋದಾಗ ತಾಳಿಕೊಳ್ಳುವ ಶಕ್ತಿ ಮಾತ್ರ ತೀರಾ ಕಡಿಮೆಯಿತ್ತು.

ಏನು ಬದಲಾಯಿತು?

ಚಂದ್ರಯಾನ-3ರ ಪ್ರಾಜೆಕ್ಟ್ ಡೈರೆಕ್ಟರ್ ಪಿ. ವೀರಮುತ್ತುವೇಲ್ ಅವರ ತಂಡ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕೆಲಸ ಮಾಡಿದ್ದು ಒಂದು ತಿರುಗುಮುರುಗಾದ ಪ್ರಶ್ನೆಯಿಂದ. ಎಲ್ಲವೂ ಸರಿಯಿದ್ದರೆ ಹೇಗೆ ಇಳಿಯುತ್ತದೆ ಎಂದು ಕೇಳುವ ಬದಲು, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಯಬೇಕು ಎಂದು ಕೇಳಿದರು. ಸೋಮನಾಥ್ ಇದನ್ನು ವೈಫಲ್ಯ ಆಧಾರಿತ ವಿನ್ಯಾಸ ಎಂದು ಕರೆದರು. ಸಂವೇದಕ ಸತ್ತರೆ, ಎಂಜಿನ್ ಕೆಟ್ಟರೆ, ಲೆಕ್ಕ ತಪ್ಪಿದರೆ ಎಂದು ಒಂದೊಂದನ್ನೂ ಎತ್ತಿಕೊಂಡು ಉತ್ತರ ಕಟ್ಟಿದರು.

ಮೊದಲು ಬದಲಾದದ್ದು ಜಾಗ. 500 ಮೀಟರಿನ ಚೌಕ ಹೋಗಿ ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲದ ಆಯತ ಬಂತು. ಮೇಲೆ ಹೇಳಿದ ಶೇ 1ರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಈ ಗಾತ್ರದ ಮಹತ್ವ ಅರಿವಾಗುತ್ತದೆ. ಹೀಗೆ ದೊಡ್ಡ ಜಾಗ ಆರಿಸಲು ಆ ಜಾಗದ ಪ್ರತಿ ಬಂಡೆ, ಕುಳಿ ಮೊದಲೇ ಗೊತ್ತಿರಬೇಕು. ಇಲ್ಲಿ ನೆರವಾದದ್ದು ಚಂದ್ರಯಾನ-2ರ ಆರ್ಬಿಟರ್, ಅಂದರೆ ಚಂದ್ರನನ್ನು ಸುತ್ತುವ ನೌಕೆ. ಲ್ಯಾಂಡರ್ ಬಿದ್ದರೂ ಆರ್ಬಿಟರ್ 100 ಕಿ.ಮೀ. ಎತ್ತರದಲ್ಲಿ ಕೆಲಸ ಮುಂದುವರಿಸಿತ್ತು. ಅದರ ಉನ್ನತ ಸ್ಪಷ್ಟತೆಯ ಕ್ಯಾಮೆರಾ ಸುಮಾರು ಮೂರನೇ ಒಂದು ಮೀಟರಿನಷ್ಟು ಸಣ್ಣ ವಿವರವನ್ನೂ ತೋರಿಸಬಲ್ಲದು. ಸೋತ ಯಾನ ಎಂದು ಜನ ಕರೆದ ಯಾನವೇ ಮುಂದಿನದರ ನಕ್ಷೆ ಬರೆದುಕೊಟ್ಟಿತು.

ಎಂಜಿನ್‌ಗಳ ವಿಷಯದಲ್ಲಿ ಕಡಿಮೆ ಮಾಡಿದ್ದೇ ಸುಧಾರಣೆಯಾಯಿತು. ಚಂದ್ರಯಾನ-2ರಲ್ಲಿ ಬಲ ಏರಿಳಿಸಬಹುದಾದ 800 ನ್ಯೂಟನ್‌ನ ನಾಲ್ಕು ಎಂಜಿನ್‌ಗಳ ನಡುವೆ ಬಲ ಸ್ಥಿರವಾಗಿರುವ ಐದನೆಯದೊಂದು ಇತ್ತು. ಹೊಸ ವಿಕ್ರಮ್‌ನಲ್ಲಿ ನಡುವಿನದನ್ನು ತೆಗೆದುಹಾಕಿದರು. ಉಳಿದ ನಾಲ್ಕು ದೊಡ್ಡ ಎಂಜಿನ್‌ಗಳು, ಭಂಗಿ ತಿದ್ದಲು 58 ನ್ಯೂಟನ್‌ನ ಎಂಟು ಚಿಕ್ಕವು. ಹೊತ್ತಿಸಿ ಆರಿಸಲಷ್ಟೇ ಬರುವ ಎಂಜಿನ್ ಒಂದು ಇಲ್ಲವಾದರೆ, ಬಲದ ಲೆಕ್ಕದಲ್ಲಿ ತಿದ್ದಲಾಗದ ಒಂದು ಸಂಖ್ಯೆಯೂ ಇಲ್ಲವಾಗುತ್ತದೆ.

ನಾಲ್ಕು ಎಂಜಿನ್ ಸಾಕೇ ಎಂಬ ಪ್ರಶ್ನೆ ಸಹಜ. ನೌಕೆಯ ತೂಕ 1,750 ಕೆ.ಜಿ. ಆಸುಪಾಸು. ಚಂದ್ರನ ಗುರುತ್ವದಲ್ಲಿ ಅದನ್ನು ಎತ್ತಿ ಹಿಡಿಯಲು ಸುಮಾರು 2,800 ನ್ಯೂಟನ್ ಬೇಕು, ನಾಲ್ಕು ಎಂಜಿನ್ ಸೇರಿ 3,200 ಕೊಡುತ್ತವೆ. ಇಂಧನ ಉರಿದು ತೂಕ ಅರ್ಧದ ಹತ್ತಿರ ಬಂದಾಗ 1,400 ಸಾಕು. ಆಗ ನಾಲ್ಕೂ ಎಂಜಿನ್ ಉರಿಸುವ ಅಗತ್ಯವಿಲ್ಲ, ಉರಿಸಿದರೆ ಕೆಳಗಿಳಿಯುವ ನೌಕೆಯನ್ನು ಹದದಲ್ಲಿಡುವುದೇ ಕಷ್ಟ. ಅದಕ್ಕೆಂದೇ ಕೊನೆಯ ಇಳಿತಕ್ಕೆ ಎರಡನ್ನಷ್ಟೇ ಬಳಸಿದರು.

ತಂತ್ರಾಂಶದಲ್ಲಿ ತಿರುಗುವ ದರದ ಮಿತಿಯನ್ನು ಸೆಕೆಂಡಿಗೆ 10ರಿಂದ 25 ಡಿಗ್ರಿಗೆ ಏರಿಸಿದರು. ಅದಕ್ಕಿಂತ ಮುಖ್ಯವಾದದ್ದು, ಇಳಿಕೆಯ ಎಲ್ಲ ಹಂತಗಳಲ್ಲೂ ಭಂಗಿ ಮತ್ತು ಬಲ ಎರಡನ್ನೂ ತಿದ್ದುವ ಅವಕಾಶ ಇಟ್ಟರು. ತಪ್ಪು ಗಂಟು ಕಟ್ಟಿಕೊಳ್ಳುವ ಹೊತ್ತೇ ಇಲ್ಲದಂತಾಯಿತು.

ಅಳತೆಯ ಸಲಕರಣೆಗಳಲ್ಲಿ ಹೊಸದಾಗಿ ಬಂದದ್ದು ಲೇಸರ್ ಡಾಪ್ಲರ್ ವೆಲಾಸಿಮೀಟರ್. ಲೇಸರ್ ಕಿರಣಗಳನ್ನು ಬೇರೆಬೇರೆ ಕೋನಗಳಲ್ಲಿ ನೆಲಕ್ಕೆ ಬಿಟ್ಟು, ಮರಳಿ ಬಂದ ಬೆಳಕಿನ ಆವರ್ತನ ಎಷ್ಟು ಸರಿದಿದೆ ಎಂದು ನೋಡಿ, ನೆಲಕ್ಕೆ ಹೋಲಿಸಿದ ವೇಗವನ್ನು ಅದು ನೇರವಾಗಿ ಅಳೆಯುತ್ತದೆ. ಕೂಡಿಸಿ ಊಹಿಸಿದ ವೇಗಕ್ಕೂ ನೇರ ಅಳೆದ ವೇಗಕ್ಕೂ ಹೋಲಿಕೆಯೇ ಇಲ್ಲ. ಒಂದರಲ್ಲಿ ಹಳೆಯ ತಪ್ಪು ಉಳಿಯುತ್ತದೆ, ಇನ್ನೊಂದರಲ್ಲಿ ಪ್ರತಿ ಅಳತೆಯೂ ಹೊಸದು. ಇದರ ಜೊತೆಗೆ ಲೇಸರ್ ಮತ್ತು ಕೆಎ ಬ್ಯಾಂಡ್ ರೇಡಿಯೊ ಎತ್ತರಮಾಪಕಗಳು, ಅಡ್ಡವೇಗ ನೋಡುವ ಕ್ಯಾಮೆರಾ, ನಕ್ಷೆಯೊಡನೆ ತಾಳೆ ಹಾಕಿ ಸ್ಥಾನ ಗುರುತಿಸುವ ಕ್ಯಾಮೆರಾ, ಅಪಾಯ ಗುರುತಿಸುವ ಎರಡು ಕ್ಯಾಮೆರಾಗಳು ಇದ್ದವು.

ಕಾಲುಗಳನ್ನು ಸೆಕೆಂಡಿಗೆ 2 ಮೀಟರ್ ಬದಲು 3 ಮೀಟರ್ ವೇಗದ ತಾಗುವಿಕೆ ತಡೆಯುವಂತೆ ಗಟ್ಟಿ ಮಾಡಿದರು. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕಾಲು ಹೀರಿಕೊಳ್ಳಬೇಕಾದ ಪೆಟ್ಟು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇಂಧನವನ್ನೂ ಹೆಚ್ಚಿಸಿದರು. ಸೌರಫಲಕಗಳನ್ನು ಇನ್ನಷ್ಟು ಬದಿಗಳಿಗೆ ಹಬ್ಬಿಸಿದರು. 69 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ನಡುಹಗಲಿನಲ್ಲೂ ದಿಗಂತದಿಂದ ಸುಮಾರು 20 ಡಿಗ್ರಿಯಷ್ಟೇ ಮೇಲೇರುತ್ತಾನೆ. ಹಾಗಾಗಿ ಫಲಕಗಳು ಗೋಡೆಯಂತೆ ನಿಂತಿರಬೇಕು, ನೌಕೆ ಯಾವ ಕಡೆಗೆ ಮುಖ ಮಾಡಿ ಇಳಿದರೂ ಒಂದಲ್ಲ ಒಂದು ಫಲಕಕ್ಕೆ ಬಿಸಿಲು ಸಿಗಬೇಕು.

ಈ ಭಾರವನ್ನೆಲ್ಲ ಯಾರು ಹೊತ್ತರು?

ಹೆಚ್ಚು ಇಂಧನ, ಹೆಚ್ಚು ಫಲಕ, ಗಟ್ಟಿ ಕಾಲು, ಹೊಸ ಸಂವೇದಕ, ಎಲ್ಲಕ್ಕೂ ತೂಕವಿದೆ. ರಾಕೆಟ್ ಬದಲಾಗಿರಲಿಲ್ಲ. ಸುದ್ದಿಗಳಲ್ಲಿ ಕಡಿಮೆ ಚರ್ಚೆಯಾದ, ಆದರೆ ನಿರ್ಣಾಯಕವಾದ ಭಾಗ ಇದು.

ಚಂದ್ರಯಾನ-2 ಒಟ್ಟು 3,850 ಕೆ.ಜಿ. ತೂಗಿತು. ಅದರಲ್ಲಿ ಆರ್ಬಿಟರ್ 2,379 ಕೆ.ಜಿ. ಚಂದ್ರಯಾನ-3ರ ಒಟ್ಟು ತೂಕ 3,900 ಕೆ.ಜಿ. ಆರ್ಬಿಟರ್ ಜಾಗದಲ್ಲಿದ್ದ ನೋದನ ಘಟಕ 2,148 ಕೆ.ಜಿ. ಮಾತ್ರ. ಹಳೆಯ ಆರ್ಬಿಟರ್ ಮೇಲೆ ಇನ್ನೂ ಜೀವಂತವಾಗಿದ್ದು ಸಂಪರ್ಕಕ್ಕೂ ಒದಗುತ್ತಿದ್ದುದರಿಂದ ಹೊಸದೊಂದನ್ನು ಒಯ್ಯುವ ಅಗತ್ಯ ಬೀಳಲಿಲ್ಲ. ನೋದನ ಘಟಕಕ್ಕೆ ಲ್ಯಾಂಡರನ್ನು ಚಂದ್ರನ ಕಕ್ಷೆಗೆ ಮುಟ್ಟಿಸುವ ಕೆಲಸ ಮತ್ತು ಭೂಮಿಯನ್ನು ದೂರದಿಂದ ನೋಡುವ ಒಂದೇ ಒಂದು ಉಪಕರಣ. ಹೀಗೆ ಉಳಿದ 231 ಕೆ.ಜಿ. ಜೊತೆಗೆ ಇನ್ನೊಂದು 50 ಸೇರಿ, ಲ್ಯಾಂಡರ್‌ಗೆ 281 ಕೆ.ಜಿ. ಹೆಚ್ಚುವರಿ ಸಿಕ್ಕಿತು. ತಾಳಿಕೆಯ ಶಕ್ತಿ ಸುಮ್ಮನೆ ಬರಲಿಲ್ಲ, ವಿಜ್ಞಾನದ ಉಪಕರಣಗಳ ಜಾಗ ಬಿಟ್ಟುಕೊಟ್ಟು ಕೊಂಡದ್ದು ಅದು. ಖರ್ಚೂ ಕಡಿಮೆಯಾಯಿತು. ಚಂದ್ರಯಾನ-2ಕ್ಕೆ 978 ಕೋಟಿ ರೂಪಾಯಿ ತಗಲಿದ್ದರೆ, ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ.

ಭೂಮಿಯ ಮೇಲೆ ಚಂದ್ರನನ್ನು ಕಟ್ಟುವುದು

ಇಳಿಕೆಯನ್ನು ಭೂಮಿಯ ಮೇಲೆ ಪೂರ್ತಿಯಾಗಿ ಪರೀಕ್ಷಿಸಲು ಸಾಧ್ಯವೇ ಇಲ್ಲ. 3,200 ನ್ಯೂಟನ್‌ನ ಎಂಜಿನ್‌ಗಳು ಇಲ್ಲಿ ತುಂಬಿದ ಲ್ಯಾಂಡರನ್ನು ಎತ್ತಲಾರವು. ಇಲ್ಲಿ ಅದರ ಭಾರ 17,000 ನ್ಯೂಟನ್ ದಾಟುತ್ತದೆ. ಹಾಗಾಗಿ ಪರೀಕ್ಷೆಯನ್ನು ತುಂಡು ಮಾಡಿದರು. ಸಂವೇದಕಗಳನ್ನು ಮತ್ತು ಮಾರ್ಗದರ್ಶಕ ತಂತ್ರಾಂಶವನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿದರು. ಎಂಜಿನ್ ಉರಿಸಿ ಮಾಡುವ ಪರೀಕ್ಷೆಗೆ ಲ್ಯಾಂಡರ್ ಮಾದರಿಯನ್ನು ಎತ್ತರದ ಕ್ರೇನ್‌ಗೆ ತೂಗುಹಾಕಿದರು. ಕಾಲುಗಳ ಮಾದರಿಯನ್ನು ಚಂದ್ರನ ಮಣ್ಣಿನಂಥ ಪುಡಿಯ ಹಾಸಿನ ಮೇಲೆ ಬೀಳಿಸಿ ನೋಡಿದರು. ಆ ಪುಡಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಸುತ್ತಲಿನ ಅನಾರ್ಥೊಸೈಟ್ ಕಲ್ಲಿನಿಂದ ಬಂದದ್ದು, ಚಂದ್ರನ ಎತ್ತರದ ಪ್ರದೇಶಗಳ ಕಲ್ಲೂ ಅದೇ ಜಾತಿಯದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರಯಾನ-2ರ ಕಾಲಕ್ಕೇ ಕೃತಕ ಕುಳಿಗಳನ್ನು ತೋಡಿ, ಮೇಲಿಂದ ವಿಮಾನ ಹಾರಿಸಿ ಸಂವೇದಕಗಳು ಅವನ್ನು ಗುರುತಿಸುತ್ತವೆಯೇ ಎಂದು ನೋಡಿದ್ದರು. ಅಂಥ ಪರೀಕ್ಷೆ ಒಂದೊಂದು ಭಾಗ ಕೆಲಸ ಮಾಡುತ್ತದೆ ಎಂದು ತೋರಿಸುತ್ತದೆ. ಎಲ್ಲ ಭಾಗಗಳೂ ಸ್ವಲ್ಪಸ್ವಲ್ಪ ತಪ್ಪಿದಾಗ ಒಟ್ಟಾಗಿ ಏನು ಮಾಡುತ್ತವೆ ಎಂಬುದಕ್ಕೆ ಕಂಪ್ಯೂಟರಿನಲ್ಲಿ ಮತ್ತೆಮತ್ತೆ ಇಳಿಸಿ ನೋಡದೆ ಗತಿಯಿಲ್ಲ.

2023ರ ಆಗಸ್ಟ್ 23

ಜುಲೈ 14ರಂದು ಶ್ರೀಹರಿಕೋಟದಿಂದ ಹಾರಿದ ನೌಕೆ ಆಗಸ್ಟ್ 5ರಂದು ಚಂದ್ರನ ಕಕ್ಷೆ ಸೇರಿತು. 17ರಂದು ಲ್ಯಾಂಡರ್ ಬೇರೆಯಾಯಿತು, 20ರ ಹೊತ್ತಿಗೆ ಅದರ ಕಕ್ಷೆ 25 ಕಿ.ಮೀ. ಮತ್ತು 134 ಕಿ.ಮೀ. ನಡುವೆ ಇತ್ತು. ಇಳಿಯುವ ಜಾಗದಲ್ಲಿ ಸೂರ್ಯೋದಯ ಆಗುವ ದಿನವನ್ನೇ ಆರಿಸಿದ್ದರು, ಮುಂದಿನ ಸುಮಾರು 14 ದಿನಗಳ ಹಗಲು ಪೂರ್ತಿ ಬಳಕೆಗೆ ಸಿಗಲೆಂದು. ಸ್ಥಿತಿ ಸರಿಯಿಲ್ಲ ಅನ್ನಿಸಿದರೆ 27ಕ್ಕೆ ಮುಂದೂಡುವ ಅವಕಾಶವೂ ಇತ್ತು.

ಸಂಜೆ 5 ಗಂಟೆ 45 ನಿಮಿಷದ ಹೊತ್ತಿಗೆ, ಇಳಿಯುವ ಜಾಗ ಇನ್ನೂ ಸುಮಾರು 745 ಕಿ.ಮೀ. ದೂರವಿರುವಾಗ, ನಾಲ್ಕೂ ಎಂಜಿನ್ ಹೊತ್ತಿಕೊಂಡವು. 690 ಸೆಕೆಂಡ್ ಬ್ರೇಕ್ ಹಾಕಿದ ಮೇಲೆ ಎತ್ತರ 7.4 ಕಿ.ಮೀ., ಅಡ್ಡವೇಗ ಸೆಕೆಂಡಿಗೆ 358 ಮೀಟರ್, ಕೆಳಮುಖದ ವೇಗ 61 ಮೀಟರ್. ನಂತರ ಸುಮಾರು 10 ಸೆಕೆಂಡ್ ಭಂಗಿ ಹಿಡಿದಿಡುವ ಹಂತ. ನಾಲ್ಕು ವರ್ಷದ ಹಿಂದೆ ಎಡವಿದ್ದು ಇಂಥದೇ ಹಂತದಲ್ಲಿ. ಈ ಬಾರಿ ಅಳತೆಗಳು ಬಂದವು, ತಿದ್ದುಪಡಿ ನಿಲ್ಲದೆ ನಡೆಯಿತು. ಮುಂದಿನ 175 ಸೆಕೆಂಡ್‌ಗಳಲ್ಲಿ ಉಳಿದ 28 ಕಿ.ಮೀ. ಕ್ರಮಿಸುತ್ತಾ, ಮಲಗಿದಂತಿದ್ದ ಲ್ಯಾಂಡರ್ ಕಾಲು ಕೆಳಗಾಗಿ ನೆಟ್ಟಗೆ ನಿಂತಿತು.

150 ಮೀಟರ್ ಎತ್ತರದಲ್ಲಿ ಅದು ತೇಲುತ್ತಾ ನಿಂತದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಳಗೆ ಮುಂಜಾವಿನ ಬಿಸಿಲು ಓರೆಯಾಗಿ ಬಿದ್ದಿದೆ, ಪ್ರತಿ ಕಲ್ಲಿಗೂ ಅದಕ್ಕಿಂತ ಉದ್ದದ ಕಪ್ಪು ನೆರಳು. ಅಪಾಯ ಗುರುತಿಸುವ ಕ್ಯಾಮೆರಾ ಚಿತ್ರ ತೆಗೆದು ಕಾಲಿಡಲು ಆಗದ ಚೂರುಗಳನ್ನು ಬೇರ್ಪಡಿಸುತ್ತದೆ. ನೆರಳು ಕುಳಿಯನ್ನು ಎತ್ತಿ ತೋರಿಸುವುದರಿಂದ ಸಹಾಯಕ, ಅದರೊಳಗೆ ಏನಿದೆ ಎಂದು ಕಾಣದ್ದರಿಂದ ಆ ಜಾಗ ಅಪಾಯದ ಲೆಕ್ಕಕ್ಕೇ ಹೋಗುತ್ತದೆ. ಇಷ್ಟು ನಿರ್ಧರಿಸುವಾಗ ಎಂಜಿನ್‌ಗಳು ಉರಿಯುತ್ತಲೇ ಇರಬೇಕು. ತೇಲುವ ಪ್ರತಿ ಸೆಕೆಂಡೂ ಒಂದಿಂಚು ಮುಂದೆ ಹೋಗದೆ ಸುಡುವ ಇಂಧನ. ಹೆಚ್ಚುವರಿ ಇಂಧನ ಒಯ್ದದ್ದು ಈ ಸೆಕೆಂಡುಗಳಿಗಾಗಿ. ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿತು.

ಇಳಿದ ಮೇಲಿನ ಕೆಲಸ

ಎಂಜಿನ್‌ನ ಜ್ವಾಲೆ ಎಬ್ಬಿಸಿದ ಮಣ್ಣು ಸುಮಾರು 2 ಟನ್, ಹರಡಿದ್ದು 108 ಚದರ ಮೀಟರ್ ಜಾಗದಲ್ಲಿ ಎಂದು ಆರ್ಬಿಟರ್ ಚಿತ್ರಗಳಿಂದ ಅಂದಾಜಿಸಿದ್ದಾರೆ. 26 ಕೆ.ಜಿ.ಯ ಪ್ರಜ್ಞಾನ್ ರೋವರ್ ಕೆಲವು ಗಂಟೆ ಕಾದು ಇಳಿಜಾರು ಹಲಗೆಯ ಮೇಲಿಂದ ಕೆಳಗೆ ಬಂತು. ಆಗಸ್ಟ್ 27ರಂದು ಅದರ ದಾರಿಯಲ್ಲಿ 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗಿಸಿ ಬೇರೆ ಕಡೆಗೆ ತಿರುಗಿಸಿದರು. ಒಟ್ಟು 100 ಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯಿತು. ಅದರ ಲೇಸರ್ ಉಪಕರಣ ಮಣ್ಣಿನಲ್ಲಿ ಗಂಧಕ ಇರುವುದನ್ನು ಸ್ಥಳದಲ್ಲೇ ದೃಢಪಡಿಸಿತು.

ಲ್ಯಾಂಡರ್‌ನಲ್ಲಿದ್ದ ಚಾಸ್ಟೆ ಎಂಬ ಶೂಲದಂಥ ತಾಪಮಾಪಕ, ಹತ್ತು ಸಂವೇದಕಗಳೊಡನೆ, ಮಣ್ಣಿನೊಳಗೆ ಇಳಿದಾಗ ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟಿದ ಉಷ್ಣತೆ 8 ಸೆಂ.ಮೀ. ಆಳದಲ್ಲಿ ಮೈನಸ್ 10ಕ್ಕೆ ಬಿದ್ದಿತ್ತು. ಇಡೀ ಯಾನದಲ್ಲಿ ಅತ್ಯಂತ ಉಪಯುಕ್ತವಾದ ಅಂಕಿ ಇದೇ ಇರಬಹುದು. ಮಣ್ಣು ಇಷ್ಟು ಕೆಟ್ಟ ಉಷ್ಣವಾಹಕವಾದರೆ, ಧ್ರುವದತ್ತ ಹೋದಂತೆ ಮಂಜುಗಡ್ಡೆ ಹೆಚ್ಚು ಆಳಕ್ಕೆ ಹೋಗದೆಯೂ ಉಳಿಯಬಲ್ಲದು.

ಸೆಪ್ಟೆಂಬರ್ 3ರಂದು, ಉಳಿದ ಇಂಧನದಲ್ಲಿ, ಲ್ಯಾಂಡರ್ ಎಂಜಿನ್ ಉರಿಸಿ 40 ಸೆಂ.ಮೀ. ಮೇಲೆದ್ದು 30ರಿಂದ 40 ಸೆಂ.ಮೀ. ಪಕ್ಕಕ್ಕೆ ಕುಳಿತಿತು. ಧೂಳು ಮೆತ್ತಿದ, ಬಿಸಿಲಿಗೆ ಕಾದ ಎಂಜಿನ್ ಮತ್ತೆ ಹೊತ್ತಿಕೊಂಡದ್ದು, ಮುಂದೆ ಮಣ್ಣು ತುಂಬಿಕೊಂಡು ಹಿಂತಿರುಗುವ ಯಾನಕ್ಕೆ ಬೇಕಾದ ಪುರಾವೆ. ಆಮೇಲೆ ರಾತ್ರಿ ಬಂತು. ವಿಕ್ರಮ್‌ನಲ್ಲಾಗಲಿ ಪ್ರಜ್ಞಾನ್‌ನಲ್ಲಾಗಲಿ ಬೆಚ್ಚಗಿಡುವ ವಿಕಿರಣಶೀಲ ಹೀಟರ್ ಇರಲಿಲ್ಲ. ಅಷ್ಟು ಚಳಿಗೆ ಬ್ಯಾಟರಿಯೂ ಬೆಸುಗೆಗಳೂ ತಾಳುವುದು ಕಷ್ಟ. ಸೆಪ್ಟೆಂಬರ್ 22ರ ಬೆಳಗಿನ ನಂತರ ಕರೆದರೂ ಉತ್ತರ ಬರಲಿಲ್ಲ. ಒಂದೇ ಹಗಲಿಗೆ ವಿನ್ಯಾಸ ಮಾಡಿದ್ದರಿಂದ ಇದನ್ನು ವೈಫಲ್ಯ ಎನ್ನುವಂತಿಲ್ಲ.

ಬೇರೆಯವರು ಬಿದ್ದದ್ದು ಎಲ್ಲಿ?

ವಿಕ್ರಮ್ ಇಳಿಯುವ ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಅಪ್ಪಳಿಸಿತ್ತು. ಎಂಜಿನ್ 84 ಸೆಕೆಂಡ್ ಉರಿಯಬೇಕಿದ್ದು 127 ಸೆಕೆಂಡ್ ಉರಿಯಿತು, ಏಕೆಂದರೆ ನಿಲ್ಲಿಸುವ ಸಂಕೇತ ಕೊಡಬೇಕಿದ್ದ ವೇಗೋತ್ಕರ್ಷ ಮಾಪಕ ಚಾಲೂ ಆಗಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಜಪಾನಿನ ಐಸ್ಪೇಸ್ ಕಂಪನಿಯ ಹಾಕುಟೊ-ಆರ್ ಒಂದು ದೊಡ್ಡ ಕುಳಿಯ ಅಂಚು ದಾಟಿದಾಗ ನೆಲ ಏಕಾಏಕಿ ಸುಮಾರು 3 ಕಿ.ಮೀ. ಕೆಳಗಾಯಿತು. ಎತ್ತರಮಾಪಕ ಸರಿಯಾಗಿಯೇ ಹೇಳಿತು. ಅಷ್ಟು ದೊಡ್ಡ ಜಿಗಿತ ಸಾಧ್ಯವಿಲ್ಲ ಎಂದು ತಂತ್ರಾಂಶ ಆ ಅಳತೆಯನ್ನು ತಳ್ಳಿಹಾಕಿತು. ನೆಲ ಸಿಕ್ಕಿತೆಂದುಕೊಂಡ ನೌಕೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಇಂಧನ ಮುಗಿಸಿಕೊಂಡು ಬಿತ್ತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಒಡಿಸಿಯಸ್ ಲೇಸರ್ ದೂರಮಾಪಕಗಳಿಲ್ಲದೆ ಇಳಿದು ವಾಲಿಕೊಂಡಿತು, ಅವನ್ನು ತಡೆದಿಟ್ಟಿದ್ದ ಸುರಕ್ಷತಾ ಸ್ವಿಚ್ಚನ್ನು ಹಾರುವ ಮೊದಲು ತೆರೆದಿರಲಿಲ್ಲ.

ಹಾಕುಟೊ-ಆರ್ ಮತ್ತು ಮೊದಲ ವಿಕ್ರಮ್ ನಡುವಿನ ಸಾಮ್ಯ ಗಮನಿಸುವಂಥದು. ಎರಡರಲ್ಲೂ ತಂತ್ರಾಂಶದೊಳಗೆ ಇಂಥದು ಆಗಲಾರದು ಎಂಬ ಒಂದು ಅಂಕಿ ಕೂತಿತ್ತು, ಆ ಅಂಕಿಯೇ ಸರಿಯಾದ ಪ್ರತಿಕ್ರಿಯೆಗೆ ಅಡ್ಡ ಬಂತು. ಹೊಸ ಲ್ಯಾಂಡರಿನ ಪರಿಶೀಲನೆಗೆ ಕೂತವರು ಮೊದಲು ಕೇಳಬೇಕಾದದ್ದು ಅಂಥ ಮಿತಿಗಳ ಪಟ್ಟಿಯನ್ನೇ, ಪ್ರತಿಯೊಂದರ ಎದುರು ಅದನ್ನು ಯಾರು ಯಾವ ಲೆಕ್ಕದ ಮೇಲೆ ಬರೆದರು ಎಂಬುದನ್ನೂ ಸೇರಿಸಿ.

ಈ ಪರಿಹಾರ ಎಲ್ಲಿಯವರೆಗೆ ಸಾಕು?

2024ರ ಸೆಪ್ಟೆಂಬರ್‌ನಲ್ಲಿ 2,104.06 ಕೋಟಿ ರೂಪಾಯಿಯ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, ಅದು ಮಣ್ಣಿನ ಮಾದರಿ ತರುವ ಯಾನ. ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಜೊತೆಗಿನ ಯಾನ ಧ್ರುವದ ಹತ್ತಿರದಲ್ಲೇ ನೀರು ಹುಡುಕಲು ಹೋಗಲಿದೆ. ವೇಗ ನೇರ ಅಳೆಯುವ ಲೇಸರ್, ಎಲ್ಲ ಹಂತದಲ್ಲೂ ತಿದ್ದುವ ತಂತ್ರಾಂಶ, ಗಟ್ಟಿ ಕಾಲು, ಇವೆಲ್ಲ ಹಾಗೆಯೇ ಜೊತೆಗೆ ಹೋಗುತ್ತವೆ. 4 ಕಿ.ಮೀ. ಉದ್ದದ ಆಯತ ಮಾತ್ರ ಹೋಗುವುದಿಲ್ಲ. ಧ್ರುವದ ಬಳಿ ಬಿಸಿಲು ಹೆಚ್ಚು ಕಾಲ ಬೀಳುವುದು ಕುಳಿಗಳ ಅಂಚಿನ ದಿಣ್ಣೆಗಳ ಮೇಲೆ, ಅಲ್ಲಿ ಸಮತಟ್ಟಾದ ನೆಲ ಸಿಕ್ಕುವುದು ಕೆಲವೇ ನೂರು ಮೀಟರಿನ ತುಣುಕುಗಳಲ್ಲಿ. ಅಂದರೆ 2019ರಲ್ಲಿ ಬಿಟ್ಟುಕೊಟ್ಟ ಚಿಕ್ಕ ಚೌಕಕ್ಕೇ ಮತ್ತೆ ಮರಳಬೇಕು.

ಅಷ್ಟು ನಿಖರತೆ ಸಾಧ್ಯ ಎಂದು ಜಪಾನಿನ ಸ್ಲಿಮ್ ಲ್ಯಾಂಡರ್ 2024ರ ಜನವರಿಯಲ್ಲಿ ತೋರಿಸಿತು. ಕೊನೆಯ 50 ಮೀಟರಿನಲ್ಲಿ ಎರಡು ಎಂಜಿನ್‌ಗಳಲ್ಲಿ ಒಂದರ ನಳಿಕೆ ಕಳಚಿಬಿದ್ದು ಅದು ಮುಖ ಕೆಳಗಾಗಿ ನಿಂತರೂ, ಗುರಿಯಿಂದ ತಪ್ಪಿದ್ದು ಸುಮಾರು 55 ಮೀಟರ್ ಮಾತ್ರ. ಅದು ಇಳಿಯುತ್ತಾ ತೆಗೆದ ಚಿತ್ರಗಳನ್ನು ಒಳಗಿಟ್ಟ ಕುಳಿಗಳ ನಕ್ಷೆಯೊಡನೆ ಹೋಲಿಸಿ ಸ್ಥಾನ ಕಂಡುಕೊಂಡಿತು. ಆದರೆ ಸ್ಲಿಮ್ ಇಳಿದದ್ದು ಸಮಭಾಜಕದ ಕಡೆಗೆ. ಧ್ರುವದಲ್ಲಿ ಸೂರ್ಯ ದಿಗಂತವನ್ನು ಸವರಿಕೊಂಡೇ ಸುತ್ತುತ್ತಾನೆ, ಒಂದೇ ಕುಳಿ ಗಂಟೆಗಳು ಕಳೆದಂತೆ ಬೇರೆಬೇರೆ ನೆರಳಿನಲ್ಲಿ ಬೇರೆಯದೇ ಆಗಿ ಕಾಣುತ್ತದೆ. ಕ್ಯಾಮೆರಾ ನೋಡುವ ಗಳಿಗೆಗೆ ಸರಿಯಾದ ಸೂರ್ಯಕೋನದಲ್ಲಿ ಪ್ರತಿ ನೆರಳನ್ನೂ ಮೊದಲೇ ಲೆಕ್ಕಹಾಕಿ ಬರೆದ ನಕ್ಷೆ ನೌಕೆಯೊಳಗೆ ಇರಬೇಕು. ಇಳಿಕೆ ಒಂದು ದಿನ ಮುಂದೆ ಹೋದರೆ ಆ ನಕ್ಷೆಯನ್ನೂ ಬದಲಿಸಬೇಕು.